ಹಳೆಯ ಇಂಡಿ ಕಾರಿನ ಫೋಟೋ ನೋಡಿ ಅದರ ಕಾಲ ಪತ್ತೆ ಹಚ್ಚುವುದು ಹೇಗೆ

ಬಣ್ಣ, ನಂಬರ್, ಕಾರಿನ ಮೇಲೆ ಬರೆದ ಹೆಸರು ಇವನ್ನೆಲ್ಲ ಆಮೇಲೆ ನೋಡಿ. ಮೊದಲು ನೋಡಬೇಕಾದ್ದು ಎಂಜಿನ್ ಡ್ರೈವರ್ ಮುಂದಿದೆಯಾ, ಹಿಂದಿದೆಯಾ ಅಂತ. ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸ್ (ಚಿಕ್ಕದಾಗಿ ಇಂಡಿ) ಶುರುವಾದದ್ದು 1911ರಲ್ಲಿ. ಅಲ್ಲಿಂದ 1964ರವರೆಗೆ ಗೆದ್ದದ್ದೆಲ್ಲ ಎಂಜಿನ್ ಮುಂದಿದ್ದ ಕಾರುಗಳೇ. 1965ರಲ್ಲಿ ಜಿಮ್ ಕ್ಲಾರ್ಕ್ ಎಂಜಿನ್ ಹಿಂದಿದ್ದ ಲೋಟಸ್-ಫೋರ್ಡ್‌ನಲ್ಲಿ ಗೆದ್ದರು, ಆಮೇಲೆ ಎಂಜಿನ್ ಮುಂದಿದ್ದ ಕಾರು ಅಲ್ಲಿ ಮತ್ತೆ ಗೆಲ್ಲಲಿಲ್ಲ.

ಎಂಜಿನ್ ಪಕ್ಕದಲ್ಲಿದ್ದರೆ? ಹೆಚ್ಚುಕಮ್ಮಿ ಅದು 1967ರ ಎಸ್‌ಟಿಪಿ ಟರ್ಬೈನ್ ಕಾರೇ. ಪಾರ್ನೆಲ್ಲಿ ಜೋನ್ಸ್ ಗೆದ್ದೇ ಬಿಟ್ಟರು ಅನ್ನುವಷ್ಟರಲ್ಲಿ, ಕೊನೆಯ ಮೂರು ಲ್ಯಾಪ್ ಬಾಕಿ ಇರುವಾಗ, ಗೇರ್‌ಬಾಕ್ಸಿನ ಒಂದು ಬೇರಿಂಗ್ ಕೈಕೊಟ್ಟಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎಂಜಿನ್ ಮುಂದಿದ್ದರೆ ಸೀಟು ಎಣಿಸಿ. 1912ರಿಂದ 1922ರವರೆಗೆ, ಮತ್ತೆ 1930ರಿಂದ 1937ರವರೆಗೆ, ಡ್ರೈವರ್ ಪಕ್ಕ ಮೆಕ್ಯಾನಿಕ್ ಕೂರಲೇಬೇಕು ಅನ್ನುವ ನಿಯಮ ಇತ್ತು. ಹಾಗಾಗಿ ಎರಡು ಸೀಟಿನ ಅಗಲ ಮೈ ಕಂಡರೆ ಈ ಎರಡರಲ್ಲಿ ಒಂದು ಕಾಲ. ಮಧ್ಯದ 1923-29ರ ಕಾರುಗಳು ಒಂಟಿ ಸೀಟಿನ, ತೆಳ್ಳಗಿನ ಚೆಲುವೆಯರು. ಹೆಚ್ಚಾಗಿ ಮಿಲ್ಲರ್ ಇಲ್ಲವೇ ಡ್ಯೂಸೆನ್‌ಬರ್ಗ್, ಸಾಲಾಗಿ ಎಂಟು ಸಿಲಿಂಡರ್. ಇದರಲ್ಲೂ ಡ್ರೈವರ್ ನೆಲಕ್ಕೆ ತೀರಾ ಹತ್ತಿರ ಕೂತಿದ್ದರೆ ಅದು ಮಿಲ್ಲರ್‌ನ ಫ್ರಂಟ್ ವೀಲ್ ಡ್ರೈವ್ ಇರಬಹುದು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಶಾಫ್ಟ್ ಸೀಟಿನ ಕೆಳಗೆ ಹಾಯುವುದಿಲ್ಲ, ಅದಕ್ಕೇ ಅಷ್ಟು ತಗ್ಗು. ಒಂದು ಕಾರು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ: 1911ರಲ್ಲಿ ಗೆದ್ದ ಹಳದಿ ಮಾರ್ಮನ್ ವಾಸ್ಪ್. ಅದು ಆಗಲೇ ಒಂಟಿ ಸೀಟಿನದು. ಹಿಂದೆ ಬರುವವರನ್ನು ನೋಡಿ ಹೇಳಲು ಮೆಕ್ಯಾನಿಕ್ ಇರಲಿಲ್ಲ, ಹಾಗಾಗಿ ಅದರ ಡ್ರೈವರ್ ರೇ ಹರೂನ್ ಕನ್ನಡಿ ಹಾಕಿಸಿಕೊಂಡಿದ್ದರು.

ಈಗ ನನಗೆ ತುಂಬಾ ಇಷ್ಟವಾದ ಕಾಲಕ್ಕೆ ಬರೋಣ, ರೋಡ್‌ಸ್ಟರ್‌ಗಳ 1950ರ ದಶಕ. ಕಾರನ್ನು ಎದುರಿನಿಂದ ತೆಗೆದ ಫೋಟೋ ಇದ್ದರೆ ಒಳ್ಳೆಯದು. ಡ್ರೈವರ್ ನಡುವೆ ಇಲ್ಲದೆ ಕಾರಿನ ಬಲಕ್ಕೆ (ಫೋಟೋದಲ್ಲಿ ನಿಮ್ಮ ಎಡಕ್ಕೆ) ಸರಿದು, ತಗ್ಗಿನಲ್ಲಿ ಕೂತಿದ್ದಾರಾ ನೋಡಿ. ಆ ಟ್ರ್ಯಾಕಿನಲ್ಲಿ ಇರುವುದೆಲ್ಲ ಎಡ ತಿರುವು, ಅದಕ್ಕೆ ಕಾರು ಕಟ್ಟುತ್ತಿದ್ದ ಫ್ರಾಂಕ್ ಕರ್ಟಿಸ್ 1952ರಲ್ಲಿ ಎಂಜಿನ್ ಮತ್ತು ಶಾಫ್ಟನ್ನು ಎಡಕ್ಕೆ ಸರಿಸಿ, ಡ್ರೈವರನ್ನು ಶಾಫ್ಟಿನ ಮೇಲಲ್ಲ, ಪಕ್ಕದಲ್ಲಿ ಕೂರಿಸಿದರು. ಬಿಲ್ ವುಕೊವಿಚ್ 1953 ಮತ್ತು 1954ರಲ್ಲಿ ಗೆದ್ದದ್ದು ಇದರಲ್ಲೇ. ಡ್ರೈವರ್ ಎತ್ತರದಲ್ಲಿ ನೆಟ್ಟಗೆ ಕೂತಿದ್ದರೆ ಅದು ಮಣ್ಣಿನ ಟ್ರ್ಯಾಕಿನ ಕಾರು ಇರಬಹುದು, ರೋಡ್‌ಸ್ಟರ್ ಅಲ್ಲ. ಮೂತಿ ತೀರಾ ಚಪ್ಪಟೆಯಾಗಿದ್ದರೆ 1957 ಮತ್ತು 1958ರಲ್ಲಿ ಗೆದ್ದ, ಜಾರ್ಜ್ ಸಾಲಿಹ್ ಕಟ್ಟಿದ ಕಾರಿನ ಜಾತಿ, ಅದರಲ್ಲಿ ಎಂಜಿನ್ನನ್ನೇ ಮಗ್ಗುಲಿಗೆ ಮಲಗಿಸಿದ್ದಾರೆ.

ಆಮೇಲೆ ಎಕ್ಸಾಸ್ಟ್ ಪೈಪ್. ನಾಲ್ಕು ಗಿಡ್ಡ ಪೈಪ್ ಸೇರಿ ಒಂದೇ ಉದ್ದ ಪೈಪಾಗಿ ಮೈ ಪಕ್ಕದಲ್ಲೇ ಹಿಂದಕ್ಕೆ ಹೋಗಿದ್ದರೆ ಅದು ಆಫೆನ್‌ಹೌಸರ್, ಪ್ರೀತಿಯಿಂದ ಆಫಿ. 1947ರಿಂದ 1964ರವರೆಗೆ ಇಂಡಿಯಲ್ಲಿ ಪ್ರತಿ ವರ್ಷ ಗೆದ್ದ ಎಂಜಿನ್ ಇದೇ. ಸಿಲಿಂಡರ್ ಹೆಡ್ಡೂ ಬ್ಲಾಕೂ ಒಂದೇ ಎರಕ, ಹಾಗಾಗಿ ಒತ್ತಡಕ್ಕೆ ಹಾರಿಹೋಗಲು ಇವೆರಡರ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ಟೇ ಇಲ್ಲ. ಮುಂದೆ ಟರ್ಬೊ ಕೂರಿಸಿದಾಗ ಆ ಒತ್ತಡ ತಡೆಯುವುದಕ್ಕೆ ಇದೇ ನೆರವಾಯಿತು. 1968ರಲ್ಲಿ ಬಾಬಿ ಅನ್ಸರ್ ಟರ್ಬೊ ಆಫಿಯಲ್ಲಿ ಗೆದ್ದರು. ಕಾರಿನ ಹಿಂಭಾಗದ ಮೇಲೆ ಎಂಟು ಪೈಪ್ ಹಾವುಗಳ ಹಾಗೆ ಹೆಣೆದುಕೊಂಡಿದ್ದರೆ ಅದು 1960ರ ದಶಕದ ನಾಲ್ಕು ಕ್ಯಾಮಿನ ಫೋರ್ಡ್ ವಿ8.

ದೊಡ್ಡ ರೆಕ್ಕೆ ಕಂಡರೆ 1972 ಅಥವಾ ಆಮೇಲಿನದು ಎಂದು ಹಿಡಿಯಿರಿ. ಆ ವರ್ಷ ಪೋಲ್ ವೇಗ (ಮೊದಲ ಸ್ಥಾನದಿಂದ ಹೊರಡುವ ಕಾರು ಅರ್ಹತಾ ಸುತ್ತಿನಲ್ಲಿ ಮುಟ್ಟಿದ ವೇಗ) ಗಂಟೆಗೆ ಸುಮಾರು 179 ಮೈಲಿಯಿಂದ 196ಕ್ಕೆ ಜಿಗಿಯಿತು. ಡ್ರೈವರ್ ಮುಂದೆ ಪಾರದರ್ಶಕ ಗುರಾಣಿ ಇದ್ದರೆ 2020 ಅಥವಾ ಆಮೇಲಿನದು.

ಹೆಸರು ಓದುವಾಗ ಹುಷಾರು. 'ಬೆಲಾಂಡ್ ಸ್ಪೆಷಲ್', 'ಫ್ಯುಯೆಲ್ ಇಂಜೆಕ್ಷನ್ ಸ್ಪೆಷಲ್' ಅನ್ನುವುದೆಲ್ಲ ದುಡ್ಡು ಹಾಕಿದವರ ಹೆಸರು, ಕಾರು ಕಟ್ಟಿದವರದ್ದಲ್ಲ. ನೀವು ಬರೆದಿಟ್ಟುಕೊಳ್ಳುವಾಗ ಮೊದಲು ಚಾಸಿ (ಕಾರಿನ ಚೌಕಟ್ಟು) ಕಟ್ಟಿದವರು, ಆಮೇಲೆ ಎಂಜಿನ್: ಕರ್ಟಿಸ್ ಕ್ರಾಫ್ಟ್-ಆಫೆನ್‌ಹೌಸರ್, ಹೀಗೆ.

ಕೆಲವು ಸಲ ಕಣ್ಣು ಸಾಲದು. 1994ರ ಪೆನ್‌ಸ್ಕಿ ಪಿಸಿ-23 ಆ ವರ್ಷವೆಲ್ಲ ಇಲ್ಮೋರ್ ಎಂಜಿನ್ನಿನಲ್ಲಿ ಓಡಿತು, ಆದರೆ ಇಂಡಿ 500ಕ್ಕೆ ಮಾತ್ರ ಗುಟ್ಟಾಗಿ ಮಾಡಿಸಿದ ಮರ್ಸಿಡಿಸ್ ಹೆಸರಿನ ಪುಶ್‌ರಾಡ್ ಎಂಜಿನ್ (ಕಡ್ಡಿಗಳು ತಳ್ಳಿ ವಾಲ್ವ್ ತೆರೆಯುವ ಹಳೇ ಮಾದರಿ) ಹಾಕಿದರು, ಯಾಕೆಂದರೆ ಅಂಥ ಎಂಜಿನ್‌ಗೆ ಅಲ್ಲಿನ ನಿಯಮ ಹೆಚ್ಚು ಗಾತ್ರ, ಹೆಚ್ಚು ಟರ್ಬೊ ಒತ್ತಡ ಎರಡನ್ನೂ ಕೊಡುತ್ತಿತ್ತು. ಹಾಗಾಗಿ ಪಿಸಿ-23 ಫೋಟೋ ಸಿಕ್ಕರೆ ಟ್ರ್ಯಾಕ್ ಯಾವುದು, ತಿಂಗಳು ಯಾವುದು ಅಂತ ಕೇಳಿ.