ನಲ್ಲಿಯ ನೀರು: ಗೇಟಿನಿಂದ ಲೋಟದವರೆಗೆ

ಬೆಂಗಳೂರಿಗೆ ಬರುವ ಕಾವೇರಿ ನೀರು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು, ಕ್ಲೋರಿನ್ ಬೆರೆತು, ಸುಮಾರು 100 ಕಿಲೋಮೀಟರ್ ದೂರ ಸಾಗಿ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ನಮ್ಮ ಬೀದಿಗೆ ತಲುಪುತ್ತದೆ. 1974ರಲ್ಲಿ ಮೊದಲ ಹಂತದ ನೀರು ಬಂದಂದಿನಿಂದ 2024ರ ಐದನೇ ಹಂತದವರೆಗೆ ಯೋಜನೆ ಎಷ್ಟೋ ಪಟ್ಟು ದೊಡ್ಡದಾಗಿದ್ದರೂ ಒಂದು ಮಾತು ಮಾತ್ರ ಹಾಗೆಯೇ ಉಳಿದಿದೆ: ಜಲಮಂಡಳಿಯ ಕೊಳವೆ ನಮ್ಮ ಗೇಟಿನ ಬಳಿಯ ಮೀಟರಿಗೆ ಮುಗಿಯುತ್ತದೆ, ಅಲ್ಲಿಂದ ಲೋಟದವರೆಗಿನ ದಾರಿ ನಮ್ಮದು. ಒಂದೇ ಸಂಪಿನಿಂದ ಹತ್ತು ಹದಿನೈದು ಮನೆಗಳು ನೀರು ಪಡೆಯುವ ವಠಾರಗಳಲ್ಲಿ ಮತ್ತು ಸಣ್ಣ ಬಡಾವಣೆಗಳಲ್ಲಿ ನೀರು ಕೆಡುವುದು ಹೆಚ್ಚಾಗಿ ಈ ಕೊನೆಯ ನೂರು ಅಡಿಯೊಳಗೇ. ನಮ್ಮ ಬಡಾವಣೆಯ ನೀರಿನ ಉಸ್ತುವಾರಿಯನ್ನು ಬಹಳ ವರ್ಷ ನೋಡಿಕೊಂಡವಳಾಗಿ, ಸಂಸಾರ ಹೂಡಿರುವ ಕಿರಿಯರಿಗೆ ತಿಳಿದಿರಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ನಲ್ಲಿಯಲ್ಲಿ ಬರುವುದು ಯಾವ ನೀರು ಎಂಬುದನ್ನು ಖಚಿತಪಡಿಸಿಕೊಳ್ಳಿ. ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಈ ಮೂರೂ ಒಂದೇ ಸಂಪಿಗೆ ಬೀಳುವ ಮನೆಗಳು ನಮ್ಮ ಊರಿನಲ್ಲಿ ಬೇಕಾದಷ್ಟಿವೆ, ಬಾಡಿಗೆಗೆ ಬಂದವರಿಗೆ ಎಷ್ಟೋ ವೇಳೆ ಇದು ಗೊತ್ತೇ ಇರುವುದಿಲ್ಲ. ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕರಗದೆ ನಿಂತರೆ, ಸೋಪು ನೊರೆ ಬಾರದೆ ಕೈಗೆ ಅಂಟಿಕೊಂಡರೆ, ನಲ್ಲಿಯ ಮೂತಿಯಲ್ಲಿ ಸುಣ್ಣದಂತಹ ಬಿಳಿ ಪದರ ಕಟ್ಟಿದರೆ ಅದು ಗಡಸು ನೀರು, ಬಹುಮಟ್ಟಿಗೆ ಬೋರ್‌ವೆಲ್ ನೀರು. ಗಡಸುತನದಿಂದ ಅಡುಗೆಗೂ ಪಾತ್ರೆಗೂ ತೊಂದರೆಯೇ ಹೊರತು ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಬೋರ್‌ವೆಲ್ ನೀರಿನಲ್ಲಿ ಕಣ್ಣಿಗೂ ನಾಲಿಗೆಗೂ ಗೊತ್ತಾಗದ ಇನ್ನೊಂದು ವಸ್ತುವಿರಬಹುದು, ಅದು ನೈಟ್ರೇಟ್. ಒಳಚರಂಡಿಯ ನೀರು ಭೂಮಿಗೆ ಇಂಗಿ ಅಂತರ್ಜಲ ಸೇರಿರುವ ನಮ್ಮ ನಗರದಲ್ಲಿ ಇದರ ಪ್ರಮಾಣ ಅನೇಕ ಕಡೆ ಮಿತಿಯನ್ನು ಮೀರಿದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500ರ ಪ್ರಕಾರ ಒಂದು ಲೀಟರಿನಲ್ಲಿ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಕೂಡದು, ಬೇರೆ ನೀರು ಸಿಗದಿದ್ದರೂ ಈ ಅಂಕಿಗೆ ಸಡಿಲಿಕೆ ಇಲ್ಲ. ಆರು ತಿಂಗಳೊಳಗಿನ ಕೂಸಿಗೆ ಬಾಟಲಿ ಹಾಲು ಕಲಸುವ ತಾಯಂದಿರು ಇದನ್ನು ಚೆನ್ನಾಗಿ ನೆನಪಿಡಬೇಕು. ನೈಟ್ರೇಟ್ ಹೆಚ್ಚಿದ್ದರೆ ಮಗುವಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗಿ, ತುಟಿ ಮತ್ತು ಉಗುರು ನೀಲಿಗಟ್ಟುತ್ತವೆ. ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಕುದಿದಷ್ಟೂ ನೀರು ಆವಿಯಾಗಿ ನೈಟ್ರೇಟ್, ಫ್ಲೋರೈಡ್ ಮತ್ತು ಲವಣಗಳು ಇನ್ನೂ ಸಾಂದ್ರವಾಗುತ್ತವೆ. ಅಂತಹ ನೀರಿರುವ ಮನೆಯಲ್ಲಿ ಕೂಸಿಗೆ ಕಾವೇರಿ ನೀರನ್ನೇ ಬೇರೆಯಾಗಿ ತಂದು, ಕುದಿಸಿ ಆರಿಸಿ ಬಳಸಿರಿ.

ಕಾವೇರಿ ನೀರಿನ ಕಷ್ಟ ಬೇರೆ ಬಗೆಯದು. ನಮ್ಮಲ್ಲಿ ಅದು ದಿನವಿಡೀ ಬರುವುದಿಲ್ಲ. ದಿನ ಬಿಟ್ಟು ದಿನ, ಅದೂ ಕೆಲವು ಗಂಟೆ ಮಾತ್ರ. ಕೊಳವೆ ತುಂಬಿ ಒತ್ತಡದಲ್ಲಿರುವಾಗ ಸಣ್ಣ ಬಿರುಕಿದ್ದರೆ ನೀರು ಹೊರಕ್ಕೆ ಸೋರುತ್ತದೆ, ಪೂರೈಕೆ ನಿಂತು ಕೊಳವೆ ಖಾಲಿಯಾದಾಗ ಅದೇ ಬಿರುಕು ಸುತ್ತಲಿನ ಮಣ್ಣಿನ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿಯೇ ಒಳಚರಂಡಿ ಕೊಳವೆ ಹಾದು, ಅದೂ ಸೋರುತ್ತಿದ್ದರೆ ಏನು ಒಳಗೆ ಬರುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ನಮ್ಮ ಕ್ರಾಸಿನ ವಾಲ್ವ್ ತಿರುಗಿಸಲು ಬರುತ್ತಿದ್ದ ಹಿರಿಯರೊಬ್ಬರು ಹೇಳುತ್ತಿದ್ದ ಮಾತು ಎಲ್ಲ ಪುಸ್ತಕದ ಸಲಹೆಗಿಂತ ಉಪಯುಕ್ತವಾದದ್ದು: “ಅಮ್ಮಾ, ನೀರು ಬಿಟ್ಟ ತಕ್ಷಣ ಸಂಪಿಗೆ ಬಿಡಬೇಡಿ. ಒಂದೈದು ನಿಮಿಷ ಹೊರಗಡೆ ನಲ್ಲೀಲಿ ಹೋಗಲಿ, ಆಮೇಲೆ ಬಿಡಿ.” ಮೀಟರ್ ದಾಟಿದ ಮೇಲೆ, ಮನೆಯ ಕಡೆಗೆ, ಒಂದು ಸಣ್ಣ ನಲ್ಲಿ ಮತ್ತು ಸಂಪಿನ ದಾರಿಗೆ ಒಂದು ವಾಲ್ವ್ ಹಾಕಿಸಿಕೊಂಡರೆ ಇದು ಸುಲಭ. ಮೊದಲ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅಂಗಳಕ್ಕೆ, ಗಿಡಕ್ಕೆ ಹಾಕಿರಿ, ಹನಿಯೂ ವ್ಯರ್ಥವಾಗುವುದಿಲ್ಲ. ಬಳಿಕ ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು, ಹಿಂದೆ ಬಿಳಿ ಕಾಗದವಿಟ್ಟು ನೋಡಿ, ಮೂಸಿ ನೋಡಿ. ಬ್ಲೀಚಿಂಗ್ ಪೌಡರಿನ ತೆಳು ವಾಸನೆ ಬಂದರೆ ಸಂತೋಷಪಡಬೇಕು, ಕ್ಲೋರಿನ್ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ಮೋರಿಯ ವಾಸನೆ, ಕಪ್ಪು ಎಳೆ ಅಥವಾ ಎಂದಿಲ್ಲದ ನೊರೆ ಕಂಡರೆ ಸಂಪಿನ ವಾಲ್ವ್ ತೆರೆಯಲೇಬೇಡಿ.

ಇದೇ ಕಾರಣಕ್ಕೆ, ಮಂಡಳಿಯ ಕೊಳವೆಗೆ ನೇರವಾಗಿ ಮೋಟಾರ್ ಜೋಡಿಸಿ ನೀರು ಎಳೆಯುವುದು ಕಾನೂನಿಗೆ ವಿರುದ್ಧವಾದದ್ದಷ್ಟೇ ಆಗಿರದೆ ಇಡೀ ಬೀದಿಗೆ ಮಾಡುವ ಅನ್ಯಾಯವೂ ಹೌದು. ಮೋಟಾರ್ ಎಳೆಯುವಾಗ ಕೊಳವೆಯೊಳಗೆ ನಿರ್ವಾತ ಉಂಟಾಗಿ, ಎಲ್ಲೋ ಹತ್ತು ಮನೆಯಾಚೆಯ ಬಿರುಕಿನಿಂದ ಕೊಳಚೆ ಒಳಬರುತ್ತದೆ. ಅದನ್ನು ಕುಡಿಯುವವರು ಯಾವ ತಪ್ಪೂ ಮಾಡದ ಬೇರೆ ಮನೆಯ ಮಕ್ಕಳು.

ಇನ್ನು ಸಂಪು. ಬೆಂಗಳೂರಿನ ಮೂವತ್ತು ನಲವತ್ತರ ನಿವೇಶನದಲ್ಲಿ ಜಾಗ ಉಳಿಯುವುದು ಮುಂಭಾಗದಲ್ಲಿ ಮಾತ್ರವಾದ್ದರಿಂದ ಸಂಪು, ಒಳಚರಂಡಿಯ ಚೇಂಬರ್, ಕಾರು ನಿಲ್ಲಿಸುವ ಜಾಗ ಎಲ್ಲವೂ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಹತ್ತಿರದ ಮನೆಯೊಂದರ ಸಂಪನ್ನು ಖಾಲಿ ಮಾಡಿಸಿ ಟಾರ್ಚು ಬಿಟ್ಟು ನೋಡಿದಾಗ, ಚೇಂಬರ್ ಇರುವ ಕಡೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳು, ಅದರ ಉದ್ದಕ್ಕೂ ತೆಂಗಿನ ಮರದ ಬಿಳಿ ಬೇರು, ಬೇರಿನ ಕೆಳಗೆ ಕಂದು ಬಣ್ಣದ ತೇವದ ಗೆರೆ ಕಂಡವು. ನೀರು ತುಂಬಿದ್ದಾಗ ಸ್ಫಟಿಕದಂತೆ ತಿಳಿಯಾಗಿಯೇ ಇದ್ದ ಆ ಸಂಪಿನ ನೀರನ್ನು ಆ ಮನೆಯವರು ನಿಶ್ಚಿಂತೆಯಿಂದ ಕುಡಿಯುತ್ತಿದ್ದರು. ಗೋಡೆಗೆ ಸಿಮೆಂಟಿನಲ್ಲಿ ವಾಟರ್‌ಪ್ರೂಫ್ ಮಿಶ್ರಣ ಸೇರಿಸಿ ಗಾರೆ ಮಾಡಿಸಿ, ಚೇಂಬರಿನ ಒಳಗೋಡೆಯನ್ನೂ ಸರಿಪಡಿಸಿದ ಮೇಲಷ್ಟೇ ತೇವ ನಿಂತಿತು. ಸಂಪಿನ ಕಡೆಯಿಂದ ಮಾತ್ರ ಮುಚ್ಚಿದರೆ ಒತ್ತಡ ಇನ್ನೊಂದು ಕಡೆ ಸೀಳುತ್ತದೆ. ಸೋರಿಕೆಯ ಮೂಲವಾದ ಚೇಂಬರನ್ನು ಮೊದಲು ನೋಡಬೇಕು.

ಸಂಪಿನ ಬಾಯಿ ನೆಲಮಟ್ಟಕ್ಕೆ ಸಮವಾಗಿದ್ದರೆ ಮಳೆ ನೀರು, ಕಾರು ತೊಳೆದ ನೀರು, ನಾಯಿ ಬೆಕ್ಕು ಓಡಾಡಿದ ಜಾಗದ ನೀರು ಎಲ್ಲವೂ ಮುಚ್ಚಳದ ಅಂಚಿನಿಂದ ಒಳಗಿಳಿಯುತ್ತದೆ. ಸುತ್ತಲೂ ಅರ್ಧ ಅಡಿ ಎತ್ತರದ ಕಟ್ಟೆ ಕಟ್ಟಿಸಿ, ಕಟ್ಟೆಯ ಹೊರಗೆ ಇಳಿಯುವಂಥ ಅಂಚಿನ ಮುಚ್ಚಳ ಹಾಕಿಸಿ, ಅದಕ್ಕೆ ಬೀಗ ಹಾಕಿರಿ. ಬೀಗ ನೀರಿಗಾಗಿ ಮಾತ್ರವಲ್ಲ. ಈ ಊರಿನಲ್ಲಿ ತೆರೆದ ಸಂಪಿಗೆ ಬಿದ್ದು ಹೋದ ಪುಟ್ಟ ಮಕ್ಕಳ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಮೇಲಿನ ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳವೂ ಗಾಳಿಗೆ ಹಾರಿಹೋಗದಂತೆ ಕಟ್ಟಿರಬೇಕು, ತುಂಬಿ ಹರಿಯುವ ಕೊಳವೆಯ ಬಾಯಿಗೆ ಸೊಳ್ಳೆ ಜಾಲರಿ ಇರಬೇಕು. ಪಾರಿವಾಳದ ಹಿಕ್ಕೆಯೂ ಮೊಟ್ಟೆಯಿಡುವ ಡೆಂಗಿ ಸೊಳ್ಳೆಯೂ ಹೊಕ್ಕುವುದು ಅಲ್ಲಿಂದಲೇ.

ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮುಂಚೆ ಒಮ್ಮೆ ಮತ್ತು ಮಳೆ ಮುಗಿದ ಮೇಲೆ ಒಮ್ಮೆ, ಸಂಪನ್ನೂ ಟ್ಯಾಂಕನ್ನೂ ತೊಳೆಸಬೇಕು. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇಳಿಯುವವರ ಜೀವ. ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ಹೊಸ ಸಂಪಿನಲ್ಲಿ ಕಾಂಕ್ರೀಟಿಗೆ ಆಧಾರವಾಗಿ ಕೊಟ್ಟ ಸೆಂಟ್ರಿಂಗ್ ಹಲಗೆ ಕೊಳೆಯುತ್ತಿದ್ದರಂತೂ ಇಳಿದವರು ಮೂರ್ಛೆ ಹೋಗುತ್ತಾರೆ, ಅವರನ್ನು ಎತ್ತಲು ಇಳಿದವರೂ ಉಳಿಯುವುದಿಲ್ಲ. ಮುಚ್ಚಳವನ್ನು ಹಲವು ಗಂಟೆ ಮುಂಚೆಯೇ ತೆರೆದಿಟ್ಟು, ಟೇಬಲ್ ಫ್ಯಾನನ್ನು ನೀರು ತಾಗದಷ್ಟು ದೂರದಲ್ಲಿಟ್ಟು ಗಾಳಿ ಹಾಯಿಸಿ, ಮೋಟಾರಿನ ಮುಖ್ಯ ಸ್ವಿಚ್ ಆರಿಸಿದ ನಂತರವೇ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಇಬ್ಬರು ನಿಂತಿರುವಾಗ ಒಬ್ಬರು ಇಳಿಯಬೇಕು. ತಲೆ ಸುತ್ತಿದೆ ಎಂದರೆ ಹಗ್ಗದಿಂದ ಎಳೆದುಕೊಳ್ಳಿ, ಇನ್ನೊಬ್ಬರನ್ನು ಇಳಿಸಬೇಡಿ. ಕೆಸರು ತೆಗೆದು ಗೋಡೆ ಉಜ್ಜಿದ ಮೇಲೆ, ಹತ್ತು ಲೀಟರ್ ನೀರಿಗೆ 10 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಗೋಡೆಗೆ ಮೇಲಿನಿಂದಲೇ ಉದ್ದ ಕೋಲಿನ ಬ್ರಷ್ಷಿನಿಂದ ಬಳಿದು, ಅರ್ಧ ಗಂಟೆ ಬಿಟ್ಟು ತೊಳೆದು, ಆ ನೀರನ್ನು ಹೊರಹಾಕಿರಿ. ಬಚ್ಚಲು ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪೌಡರಿನೊಂದಿಗೆ ಎಂದೂ ಸೇರಿಸಬಾರದು, ಅದರಿಂದ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ಟ್ಯಾಂಕರ್ ನೀರು ತುಂಬಿಸಿದಾಗ ಅಥವಾ ನೀರು ಹಲವು ದಿನ ಸಂಪಿನಲ್ಲಿಯೇ ನಿಂತಾಗ ಕ್ಲೋರಿನ್ ಹಾಕುವುದು ಒಳ್ಳೆಯದು. ಅಂದಾಜಿನ ಮೇಲೆ ಹಿಡಿಗಟ್ಟಲೆ ಸುರಿಯದೆ ಲೆಕ್ಕ ಹಾಕಬೇಕು. ಆರು ಅಡಿ ಉದ್ದ, ಐದು ಅಡಿ ಅಗಲ, ಏಳು ಅಡಿ ನೀರು ಇರುವ ಸಂಪಿನಲ್ಲಿ 210 ಘನ ಅಡಿ, ಎಂದರೆ ಸುಮಾರು 5,900 ಲೀಟರ್ ನೀರಿರುತ್ತದೆ. ತಿಳಿ ನೀರಿಗೆ 1,000 ಲೀಟರಿಗೆ 2.5 ಗ್ರಾಂನಂತೆ ಇದಕ್ಕೆ ಬೇಕಾದದ್ದು ಸುಮಾರು 15 ಗ್ರಾಂ ತಾಜಾ ಬ್ಲೀಚಿಂಗ್ ಪೌಡರ್. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅದನ್ನು ಮೊದಲು ಗಟ್ಟಿಯಾಗಿ ಕಲಸಿ, ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿದು, ಒಂದು ಗಂಟೆಯ ನಂತರ ಮೋಟಾರ್ ಹಾಕಿರಿ. ತೆರೆದಿಟ್ಟ ಪೊಟ್ಟಣದ ಪುಡಿ ತಿಂಗಳೊಳಗೆ ಸತ್ವ ಕಳೆದುಕೊಳ್ಳುವುದರಿಂದ ಬಿಗಿಯಾದ ಡಬ್ಬಿಯಲ್ಲಿ, ಬಿಸಿಲು ಮತ್ತು ತೇವ ತಾಗದ ಕಡೆ ಇಡಬೇಕು.

ಹಾಕಿದ ಕ್ಲೋರಿನ್ ಸಾಕಾಯಿತೇ ಎಂಬುದಕ್ಕೆ ಹನಿಗಳನ್ನು ಬೆರೆಸಿ ಬಣ್ಣ ನೋಡುವ ಸಣ್ಣ ಕಿಟ್ ಸಿಗುತ್ತದೆ. ಅಡುಗೆಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಸಂಪಿನ ಬಳಿ ಇದ್ದು ನಲ್ಲಿಯಲ್ಲಿ ಇಲ್ಲವಾದರೆ ಮೇಲಿನ ಟ್ಯಾಂಕಿನಲ್ಲಿಯೋ ಹಳೆಯ ಕಬ್ಬಿಣದ (ಜಿಐ) ಕೊಳವೆಯಲ್ಲಿಯೋ ಕೊಳೆ ಅದನ್ನು ತಿಂದುಹಾಕಿದೆ ಎಂದು ತಿಳಿಯಬೇಕು. ಸೂಕ್ಷ್ಮಾಣುಗಳ ಬಗ್ಗೆ ಅನುಮಾನವಿದ್ದರೆ ಪರೀಕ್ಷೆಗೆಂದೇ ಸಿಗುವ ಹೈಡ್ರೋಜನ್ ಸಲ್ಫೈಡ್ ಬಾಟಲಿಯನ್ನು ತಂದು ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಡಿ. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಮಲದ ಅಂಶ ಸೇರಿರುವ ಸಂಭವವಿದೆ. ಕಪ್ಪಾಗದಿದ್ದ ಮಾತ್ರಕ್ಕೆ ಪೂರ್ತಿ ನಿಶ್ಚಿಂತರಾಗುವಂತಿಲ್ಲ, ಆದ್ದರಿಂದ ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮಾದರಿ ಕೊಡಿ, ಖರ್ಚನ್ನು ಹತ್ತು ಮನೆಯವರು ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ. ಸೂಕ್ಷ್ಮಾಣು ಪರೀಕ್ಷೆಗೆ ಅವರೇ ಕೊಡುವ ಶುದ್ಧೀಕರಿಸಿದ ಬಾಟಲಿಯಲ್ಲಿಯೇ, ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಬಾಟಲಿಯ ಬಾಯಿಗೆ ಬೆರಳು ತಾಗಿಸದೆ ಹಿಡಿದು, ಐಸಿನ ಜೊತೆಗಿಟ್ಟು ಅಂದೇ ತಲುಪಿಸಬೇಕು. ವರದಿಯಲ್ಲಿ 100 ಮಿಲಿಲೀಟರಿಗೆ ಇ-ಕೋಲಿ ಒಂದೂ ಇರಬಾರದು.

ನೀರಿನ ಲವಣಗಳನ್ನು ಸೋಸಿ ತೆಗೆಯುವ ಆರ್‌ಒ ಯಂತ್ರದ ಮಾರಾಟಗಾರರು ಮನೆಗೆ ಬಂದು ಮೀಟರ್ ಅದ್ದಿ ಟಿಡಿಎಸ್ ತೋರಿಸಿ ಹೆದರಿಸುತ್ತಾರೆ. ಟಿಡಿಎಸ್ ಎಂಬುದು ಕರಗಿದ ಲವಣಗಳ ಅಳತೆ ಮಾತ್ರ, ಕಾಲರಾ ತರುವ ಸೂಕ್ಷ್ಮಾಣು ಅದರಲ್ಲಿ ಕಾಣುವುದಿಲ್ಲ. ಕಾವೇರಿ ನೀರಿನ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗೇ ಇರುವುದರಿಂದ ಅದಕ್ಕೆ ಆರ್‌ಒ ಬೇಕಿಲ್ಲ. ಅಂತಹ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿಯೇ ಹೇಳಿತ್ತು. ನೈಟ್ರೇಟ್ ಅಥವಾ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರನ್ನೇ ಕುಡಿಯಬೇಕಾದ ಮನೆಗೆ ಅದು ಉಪಯೋಗಿ, ಹೊರಬಿಡುವ ನೀರನ್ನು ಪಾತ್ರೆಗೂ ನೆಲಕ್ಕೂ ಬಳಸಬಹುದು. ಮಿಕ್ಕವರಿಗೆ ಕುದಿಸುವುದೇ ಸಾಕು: ನೀರು ಬುಳುಬುಳು ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿರಿ. ಆರಿದ ನೀರನ್ನು ನಲ್ಲಿಯಿರುವ ಪಾತ್ರೆಗೆ ತುಂಬಿಡಿ, ಇಲ್ಲವೇ ಹಿಡಿಯುಳ್ಳ ಸೌಟಿನಿಂದ ತೆಗೆದುಕೊಳ್ಳಿ. ಚೊಂಬನ್ನು ಬೆರಳ ಸಮೇತ ಅದ್ದಿದರೆ ಕುದಿಸಿದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ತಾಮ್ರದ ಬಿಂದಿಗೆ ಒಳ್ಳೆಯದೇ, ಆದರೆ ಕೊಳಚೆ ಬೆರೆತ ನೀರಿಗೆ ಅದನ್ನು ನೆಚ್ಚಿಕೊಳ್ಳಬಾರದು.

ಕೊನೆಗೆ, ಅಕ್ಕಪಕ್ಕದವರೊಡನೆ ಮಾತಾಡಿರಿ. ನಿಮ್ಮ ಮನೆಯಲ್ಲಿ ಒಬ್ಬರಿಗೆ ವಾಂತಿ ಭೇದಿಯಾದರೆ ಅದು ಹೊರಗಿನ ತಿಂಡಿಯಿಂದ ಇರಬಹುದು, ಒಂದೇ ವಾರದಲ್ಲಿ ಒಂದೇ ಸಾಲಿನ ನಾಲ್ಕು ಮನೆಗಳಲ್ಲಿ ಆದರೆ ಕೊಳವೆಯನ್ನು ಅನುಮಾನಿಸಬೇಕು. ಜಲಮಂಡಳಿಯ ಸಹಾಯವಾಣಿ 1916ಕ್ಕೆ ಕರೆ ಮಾಡಿ, ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ, ನೀರು ಬಂದ ದಿನ ಮತ್ತು ಹೊತ್ತು, ವಾಸನೆ ಯಾವ ಮನೆಯಿಂದ ಯಾವ ಮನೆಯವರೆಗೆ ಇದೆ ಎಂಬುದನ್ನು ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಿದರೆ ಅಗೆಯುವವರಿಗೆ ರಸ್ತೆಯ ಯಾವ ತುಂಡಿನಲ್ಲಿ ಹುಡುಕಬೇಕೆಂದು ತಿಳಿಯುತ್ತದೆ. ದುರಸ್ತಿಯಾದ ಮೇಲೂ ಮೊದಲ ಪೂರೈಕೆಯ ನೀರನ್ನು ಸಂಪಿಗೆ ಬಿಡದೆ ಹೊರಹಾಕಿ, ಸಂಪು ತೊಳೆದು, ಎರಡನೇ ಪೂರೈಕೆಯಿಂದ ತುಂಬಿಸಿಕೊಳ್ಳಿ, ಕ್ಲೋರಿನ್ ಕಿಟ್ಟಿನಲ್ಲಿ ಬಣ್ಣ ಕಾಣುವವರೆಗೆ ಕುದಿಸಿಯೇ ಕುಡಿಯಿರಿ.