ಕಡಿಮೆ ಖರ್ಚಿನಲ್ಲಿ ಮರಗೆಲಸ: ಮೊದಲು ಸಾಣೆ, ಆಮೇಲೆ ಯಂತ್ರ

ಮರಗೆಲಸ ಕಲಿಯುವ ಆಸೆ ಹುಟ್ಟಿದ ಕೂಡಲೇ ಹೆಚ್ಚಿನವರ ಕಣ್ಣು ಯಂತ್ರಗಳ ಮೇಲೆ ಬೀಳುತ್ತದೆ. ಬೇಕಾದವುಗಳ ಪಟ್ಟಿ ಬೆಳೆಯುತ್ತಾ ಹೋಗುತ್ತದೆ, ಕೆಲಸ ಮಾತ್ರ ಶುರುವಾಗುವುದಿಲ್ಲ. ಇರುವ ದುಡ್ಡನ್ನು ಮೊದಲು ಅಳತೆಗೆ ಮತ್ತು ಸಾಣೆಗೆ ಹಾಕಿ. ಅಗ್ಗದ ಉಳಿಯೂ ಹರಿತವಾಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ದುಬಾರಿ ಉಳಿ ಮೊಂಡಾದರೆ ಮರ ಹಾಳು, ಕೈಗೂ ಅಪಾಯ.

ಟೇಪು, ಮೂಲೆಮಟ್ಟ (ಮೂಲೆ 90 ಡಿಗ್ರಿ ಇದೆಯೇ ಎಂದು ನೋಡುವ ಸಾಧನ), ಸಣ್ಣ ಹಲ್ಲಿನ ಕೈಗರಗಸ, 12 ಮತ್ತು 20 ಮಿ.ಮೀ. ಅಗಲದ ಎರಡು ಉಳಿ, ಕೊಡತಿ, ಡ್ರಿಲ್, ಒಂದೆರಡು ಕ್ಲಾಂಪ್ ಇದ್ದರೆ ಆರಂಭಕ್ಕೆ ಸಾಕು. ಹತ್ತರಿ (ಮರದ ಮೈ ಕೆರೆದು ನುಣುಪು ಮಾಡುವ ಉಪಕರಣ) ಹೊಡೆದ ಹಲಗೆಯನ್ನೇ ತಂದರೆ ಹತ್ತರಿ ಕೊಳ್ಳುವುದನ್ನು ಮುಂದೂಡಬಹುದು. ಹಳೆಯ ಉಪಕರಣ ಸಿಕ್ಕರೆ ಬಿಡಬೇಡಿ. ಮೇಲ್ಮೈ ತುಕ್ಕು ಉಜ್ಜಿದರೆ ಹೋಗುತ್ತದೆ. ಆದರೆ ಬಾಯಿಯ, ಅಂದರೆ ಕತ್ತರಿಸುವ ಅಂಚಿನ, ಹತ್ತಿರ ತುಕ್ಕು ಆಳವಾಗಿ ಕೊರೆದಿದ್ದರೆ ಅಂಥದ್ದು ಬೇಡ.

ಮೂಲೆಮಟ್ಟ ಸರಿಯಿದೆಯೇ ಎಂದು ಹೀಗೆ ಪರೀಕ್ಷಿಸಿ. ನೇರ ಅಂಚಿನ ಹಲಗೆಗೆ ಅದನ್ನು ಒತ್ತಿ ಹಿಡಿದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಸರಿ. ಬೇರೆಯಾದರೆ, ಕಾಣುವ ಅಂತರ ನಿಜವಾದ ದೋಷದ ಎರಡರಷ್ಟು.

ಸಾಣೆಗೆ ದಪ್ಪ ಗಾಜಿನ ತುಂಡಿನ ಮೇಲೆ ನೀರಿನಲ್ಲಿ ಬಳಸುವ ಉಪ್ಪುಕಾಗದ ಹಾಸಿದರೂ ನಡೆಯುತ್ತದೆ: 400, 1000, 2000 ನಂಬರಿನವು, ಇದೇ ಕ್ರಮದಲ್ಲಿ. ಮೊದಲು ಉಳಿಯ ಚಪ್ಪಟೆ ಬೆನ್ನನ್ನು ತುದಿಯಿಂದ ಎರಡು ಸೆಂಟಿಮೀಟರಿನಷ್ಟು ಉಜ್ಜಿ ಸಮಮಾಡಿ. ಬಳಿಕ ಇಳಿಜಾರು ಮುಖವನ್ನು 25ರಿಂದ 30 ಡಿಗ್ರಿ ಕೋನದಲ್ಲಿ ಹಿಡಿದು ಉಜ್ಜಿ. ಸ್ವಲ್ಪ ಹೊತ್ತಿನಲ್ಲಿ ಬೆನ್ನಿನ ಕಡೆ ತುದಿಯತ್ತ ಬೆರಳು ಸವರಿದರೆ ತರಿತರಿಯಾಗಿ ತಗಲುತ್ತದೆ. ಬಾಯಿಯ ಪೂರ್ತಿ ಅಗಲಕ್ಕೆ ಆ ತರಿ ಬರುವವರೆಗೂ ಮುಂದಿನ ಕಾಗದಕ್ಕೆ ಹೋಗಬಾರದು. ಅವಸರ ಮಾಡಿದರೆ ಕೆಡುವುದು ಇಲ್ಲೇ. ಕೊನೆಗೆ ಬೆನ್ನನ್ನು ಒಮ್ಮೆ ತೀಡಿ ತರಿ ತೆಗೆಯಿರಿ. ಮೆದು ಮರದ ಅಡ್ಡತುದಿಯನ್ನು (ಮರದ ಎಳೆಗಳು ಅಡ್ಡಕ್ಕೆ ಕತ್ತರಿಸಿ ಕಾಣುವ ತುದಿ) ಕೆತ್ತಿ ನೋಡಿ: ಪುಡಿ ಉದುರದೆ, ಹೊಳೆಯುವಷ್ಟು ನುಣುಪಾದ ಮೈ ಬಂದರೆ ಸಾಣೆ ಆಯಿತು.

ಮರಕ್ಕೆ ಹೆಚ್ಚು ಖರ್ಚು ಬೇಡ. ಉಳಿಕೆ ತುಂಡು, ಹಳೆಯ ಪೀಠೋಪಕರಣ, ಸಾಗಣೆಯ ಪ್ಯಾಲೆಟ್ ಸಾಕು. ಪ್ಯಾಲೆಟ್ ಮೇಲೆ 'ಎಚ್‌ಟಿ' ಎಂಬ ಮುದ್ರೆಯಿದ್ದರೆ ಅದು ಶಾಖ ಕೊಟ್ಟ ಮರ. 'ಎಂಬಿ' ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲದಿಂದ ಉಪಚರಿಸಿದ್ದು, ಮುಟ್ಟಬೇಡಿ. ಎಣ್ಣೆ, ರಾಸಾಯನಿಕದ ಕಲೆ ಇರುವುದೂ ಬೇಡ. ಕೊಯ್ಯುವ ಮೊದಲು ಮೊಳೆಗಳನ್ನೆಲ್ಲ ಕೀಳಿ.

ಮೊದಲ ಕೆಲಸಕ್ಕೆ ನಾಲ್ಕು ಹಲಗೆಯ ತೆರೆದ ಪೆಟ್ಟಿಗೆ ಒಳ್ಳೆಯದು. ಗೆರೆಯನ್ನು ಪೆನ್ಸಿಲಿಗಿಂತ ಚಾಕುವಿನಲ್ಲಿ ಗೀರಿ. ಗೀರು ಎಳೆಗಳನ್ನು ಮೊದಲೇ ಕತ್ತರಿಸುವುದರಿಂದ ಅಂಚು ಕಿತ್ತುಬರುವುದಿಲ್ಲ. ಗರಗಸ ತಾನು ಹೋದ ದಾರಿಯ ಮರವನ್ನು ತಿನ್ನುತ್ತದೆ, ಹಾಗಾಗಿ ಅದನ್ನು ಗೆರೆಯ ಮೇಲಲ್ಲ, ಬಿಸಾಡುವ ತುಂಡಿನ ಕಡೆಗೆ ಇಡಬೇಕು. ತೋರುಬೆರಳು ಗರಗಸದ ನೇರಕ್ಕೆ ಚಾಚಿರಲಿ, ಭಾರ ಹಾಕಬೇಡಿ. ಎದುರುಬದುರು ತುಂಡುಗಳನ್ನು ಜೋಡಿಸಿ ಹಿಡಿದು ಉದ್ದ ಸರಿಹೋಗುತ್ತದೆಯೇ ನೋಡಿ.

ಅಡ್ಡತುದಿ ಅಂಟನ್ನು ಹೀರಿಬಿಡುತ್ತದೆ, ಆದ್ದರಿಂದ ಮೂಲೆಗಳಿಗೆ ಅಂಟಿನ ಜೊತೆ ಸ್ಕ್ರೂ ಬೇಕೇ ಬೇಕು. ಸ್ಕ್ರೂಗೆ ಮೊದಲೇ ಸಣ್ಣ ತೂತು ಕೊರೆಯದಿದ್ದರೆ ಹಲಗೆ ಸೀಳುತ್ತದೆ. ಕ್ಲಾಂಪ್ ಬಿಗಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಒಂದು ಉದ್ದವಿದ್ದರೆ, ಅಂಟು ಒಣಗುವ ಮೊದಲೇ ಆ ಮೂಲೆಗಳನ್ನು ಒತ್ತಿ ಸಮಮಾಡಿ. ಒಂದು ದಿನ ಹಾಗೇ ಬಿಡಿ.

ಕೊನೆಗೆ ಎಳೆಯ ಉದ್ದಕ್ಕೆ ಉಪ್ಪುಕಾಗದ ಉಜ್ಜಿ, ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒರೆಸಿ. ಆ ಎಣ್ಣೆಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ: ಒಣಗುವಾಗ ಹುಟ್ಟುವ ಬಿಸಿಗೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಒಂದೇ ಪದರವಾಗಿ ಹರಡಿ, ಪೂರ್ತಿ ಗಟ್ಟಿಯಾಗಿ ಒಣಗಿದ ಮೇಲೆ ಬಿಸಾಡಿ.