ಇಪ್ಪತ್ತು ಸಲ ಹರಿದೆ, ಇಪ್ಪತ್ತು ಸಲ ಅಂಟಿಸಿದೆ

ಮಂಡ್ಯದ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಹೋದ ವರ್ಷ ಜುಲೈನಲ್ಲಿ ಮೈಸೂರಿನ ಗೆಳತಿ ಫೋನ್ ಮಾಡಿದಳು. ಅವಳೂ ನಮ್ಮ ಕಸುಬಿನವಳೇ. ‘ಲೈಬ್ರರಿಯವರೇ 16 ಜನ ಸೇರಿ ಒಂದು ಝೀನ್ ಮಾಡ್ತಿದ್ದೀವಿ. ನಿಂದೂ ಒಂದು ಹಾಳೆ ಬೇಕು ಕಣೇ’ ಅಂದಳು. ಹಾಗಂದ್ರೇನು ಅಂತ ಕೇಳಿದೆ. ‘ಹೈಸ್ಕೂಲಲ್ಲಿ ಕೈಬರಹದ ಪತ್ರಿಕೆ ಮಾಡ್ತಿದ್ವಲ್ಲ, ಅದೇ ಅಂದ್ಕೋ.’

ಪೂರ್ತಿ ಅದೇ ಅಲ್ಲ. ನಮ್ಮ ಕೈಬರಹದ ಪತ್ರಿಕೆಗೆ ಇದ್ದದ್ದು ಒಂದೇ ಪ್ರತಿ, ಅದನ್ನೂ ಮೇಷ್ಟ್ರು ತಿದ್ದಿ ಕೆಂಪು ಮಾಡಿರುತ್ತಿದ್ದರು. ಝೀನ್‌ನಲ್ಲಿ ತಿದ್ದುವವರು ಯಾರೂ ಇಲ್ಲ. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಕಥೆಗಳ ಅಭಿಮಾನಿಗಳು ತಾವೇ ಬರೆದು, ತಾವೇ ಪ್ರತಿ ತೆಗೆದು ಹಂಚಿಕೊಳ್ಳುತ್ತಿದ್ದರು. ಅಲ್ಲಿಂದ ಬಂದ ಪದ್ಧತಿ ಇದು.

ನಿಯಮ ಮೂರೇ. ಎ5 ಅಳತೆಯ ಹಾಳೆ. ಒಬ್ಬೊಬ್ಬರೂ ತಮ್ಮ ಹಾಳೆಯ 20 ಪ್ರತಿ. ಎಲ್ಲರ ಹಾಳೆ ಸೇರಿಸಿ ಹೊಲಿಯೋಕೆ ಎಡಗಡೆ 2 ಸೆಂಟಿಮೀಟರ್ ಖಾಲಿ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ನೆನಪಿನ ಗ್ರಂಥಪಾಲಕರ ದಿನ, ಆಗಸ್ಟ್ 12ರ ಒಳಗೆ ಕೈಸೇರಬೇಕು.

ಏನು ಬರೆಯೋದು? ಒಂದು ವಾರ ತಲೆ ಕೆಡಿಸಿಕೊಂಡೆ. ಅಷ್ಟರಲ್ಲಿ ಒಬ್ಬ ಹುಡುಗ ಹರಿದ ಪುಸ್ತಕಕ್ಕೆ ಸೆಲ್ಲೋಟೇಪ್ ಹಾಕಿ, ‘ರಿಪೇರಿ ಮಾಡಿದ್ದೀನಿ ಮೇಡಂ’ ಅಂತ ಹೆಮ್ಮೆಯಿಂದ ತಂದುಕೊಟ್ಟ. ಬೈಯೋಕೂ ಮನಸ್ಸು ಬರಲಿಲ್ಲ. ಆ ಟೇಪು ನಾಲ್ಕು ವರ್ಷಕ್ಕೆ ಹಳದಿಯಾಗುತ್ತದೆ, ಅದರ ಗೋಂದು ಕಾಗದದೊಳಕ್ಕೆ ಇಳಿದು ಅಕ್ಷರವನ್ನೂ ಕೆಡಿಸುತ್ತದೆ. ಹರಿದ ಪುಟ ಕೂಡಿಸೋದು ಹೇಗೆ ಅನ್ನೋದನ್ನೇ ಹಾಳೆ ಮಾಡೋಣ ಅನ್ನಿಸಿತು. ಬರೆದು ಹೇಳೋದಲ್ಲ, ಮಾಡಿ ತೋರಿಸೋದು. ಪ್ರತಿ ಹಾಳೆಯ ಮೇಲೂ ಒಂದು ಹರಿದ ಕಾಗದದ ಚೂರು. ಅರ್ಧ ಅಂಟಿಸಿದ್ದು, ಅರ್ಧ ಹಾಗೇ ಬಿಟ್ಟದ್ದು. ಓದುವವರು ಬೆರಳಿಂದ ಸವರಿ ನೋಡಬೇಕು.

ಅಂದರೆ 20 ಚೂರು ಹರಿಯಬೇಕು. ಮನೆಯಲ್ಲಿದ್ದ ಹಳೇ ಪಿಯುಸಿ ಗೈಡ್ ತಂದು ಲೈಬ್ರರಿ ಟೇಬಲ್ಲಿನ ಮೇಲಿಟ್ಟುಕೊಂಡೆ. ರದ್ದಿಗೆ ಹೋಗಬೇಕಾದದ್ದೇ. ಆದರೂ ಮೊದಲ ಪುಟ ಹರಿಯುವಾಗ ಕೈ ಹಿಂಜರಿಯಿತು ನೋಡಿ. ಆಗಲೇ ಅಟೆಂಡರ್ ಒಳಗೆ ಬಂದು ನಿಂತುಬಿಟ್ಟರು. ‘ಯಾಕ್ ಮೇಡಂ, ನೀವೇ ಹರೀತಾ ಇದ್ದೀರಾ!’

ಅಂಟು ಮೈದಾದ್ದು. ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು. ಮೊದಲು ತಣ್ಣೀರಲ್ಲೇ ಗಂಟಿಲ್ಲದ ಹಾಗೆ ಕದಡಿಕೊಂಡು, ಆಮೇಲೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಹೊಳಪು ಬಂದಾಗ ಇಳಿಸಬೇಕು. ಹುಳ ಬರದಿರಲಿ ಅಂತ ಹಳೇ ಬೈಂಡರ್‌ಗಳು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಸವರಿ ನೋಡುವ ಹಾಳೆಗೆ ಬೇಡ ಅಂತ ನಾನು ಬಿಟ್ಟೆ. ಬೇಕಾದಷ್ಟೇ ಮಾಡಿಕೊಂಡು ಎರಡು ದಿನದಲ್ಲಿ ಮುಗಿಸಿದರಾಯಿತು. ಹರಿದ ಅಂಚುಗಳನ್ನು ಕೂಡಿಸಿ, ಮೇಲೆ ತೆಳ್ಳಗಿನ ಟಿಶ್ಯೂ ಕಾಗದದ ಪಟ್ಟಿ. ಪಟ್ಟಿಯನ್ನು ಕತ್ತರಿಸಬಾರದು, ಒದ್ದೆ ಬ್ರಷ್‌ನಲ್ಲಿ ಗೆರೆ ಎಳೆದು ಕೈಯಲ್ಲೇ ಬಿಡಿಸಬೇಕು. ಆಗ ಅಂಚಿನ ನಾರು ಎದ್ದುನಿಂತು, ಕೆಳಗಿನ ಕಾಗದವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಬರಹದ ಭಾಗವನ್ನು ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದೆ. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ತುಂಡು ಮಾಡಿಸಿ ಚೂರುಗಳನ್ನು ಅಂಟಿಸಿದೆ. ರಾತ್ರಿ ಹರಡಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಇಪ್ಪತ್ತೂ ಹಪ್ಪಳದ ಹಾಗೆ ಸುರುಟಿಕೊಂಡಿವೆ.

ತಪ್ಪು ನನ್ನದೇ. ಕಾಗದದ ನಾರಿಗೆ ಒಂದು ದಿಕ್ಕಿರುತ್ತದೆ. ಒದ್ದೆಯಾದಾಗ ಅದು ನಾರಿನ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಜೆರಾಕ್ಸ್ ಎ4ನಲ್ಲಿ ಸಾಮಾನ್ಯವಾಗಿ ನಾರು ಉದ್ದಕ್ಕೆ ಇರುತ್ತದೆ. ಅದನ್ನು ಅರ್ಧ ಮಾಡಿ ನಿಲ್ಲಿಸಿದರೆ ನಾರು ಅಡ್ಡ ಮಲಗುತ್ತದೆ. ಅಂಟಿಸಿದ ಚೂರಿನ ನಾರು ಒಂದು ದಿಕ್ಕು, ಹಾಳೆಯದು ಇನ್ನೊಂದು ದಿಕ್ಕು ಆದರೆ ಒಣಗುವಾಗ ಸುರುಟದೆ ಇನ್ನೇನು? ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಗ್ಗಿಸಿ ನೋಡಿದರೆ ಗೊತ್ತಾಗುತ್ತೆ, ಯಾವ ಕಡೆ ಸುಲಭವಾಗಿ ಬಾಗುತ್ತೋ ಆ ಮಡಿಕೆ ಹೋದ ದಿಕ್ಕೇ ನಾರಿನ ದಿಕ್ಕು. ಇದೆಲ್ಲ ನನಗೆ ಗೊತ್ತಿತ್ತು. ಪುಸ್ತಕಕ್ಕೆ ಮಾಡುವಾಗ ನೆನಪಿರುತ್ತೆ, ನನ್ನದೇ ಹಾಳೆಗೆ ಮಾಡುವಾಗ ಇರಲಿಲ್ಲ! ಲಘುವಾಗಿ ತೇವ ಮಾಡಿ, ಪೇಪರಿನ ನಡುವೆ ಇಟ್ಟು, ಮೇಲೆ ದಪ್ಪ ನಿಘಂಟುಗಳನ್ನು ಹೇರಿ ಎರಡು ದಿನ ಬಿಟ್ಟೆ. ಹದಿನೇಳು ನೆಟ್ಟಗಾದವು. ಮೂರನ್ನು ಹೊಸದಾಗಿ ಮಾಡಿದೆ. ಆ ಸಲ ಚೂರಿನ ಮೇಲಂಚಿಗೆ ಮಾತ್ರ ಅಂಟು.

ಹೊಲಿಗೆ ಗೆಳತಿಯ ಮನೆಯಲ್ಲಿ, ಸರಸ್ವತಿಪುರದಲ್ಲಿ. ಬಸ್ಸಲ್ಲಿ ಹಾಳೆಗಳನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಬಿಡಿ ಹಾಳೆಗಳಾದ್ದರಿಂದ ನಡುವೆ ಹೊಲಿಯೋಕೆ ಆಗಲ್ಲ, ಪಕ್ಕದಲ್ಲಿ ದಬ್ಬಣ ಹಾಕಿ ಐದು ತೂತು. ಮೇಣ ಸವರಿದ ದಾರ. ಒಬ್ಬರು ಅಂಚು ಬಿಡದೆ ಬರೆದಿದ್ದರು. ಹೊಲಿಗೆಯೊಳಗೆ ಪ್ರತಿ ಸಾಲಿನ ಮೊದಲ ಪದ ನುಂಗಿಹೋಗಿ, ಅವರ ಲೇಖನ ಪದಬಂಧ ಆಯಿತು. ಇನ್ನೊಬ್ಬರು ಪುಸ್ತಕಗಳ ವಿವರ ಬರೆದಿಡುತ್ತಿದ್ದ ಹಳೇ ಕ್ಯಾಟಲಾಗ್ ಕಾರ್ಡ್‌ಗಳನ್ನೇ ಹಾಳೆಗೆ ಹೊಲಿದಿದ್ದರು, ಕೆಳಗೆ ಸರಳು ತೂರಿಸುವ ತೂತು ಸಮೇತ. ನನಗೆ ಅತಿ ಇಷ್ಟವಾದದ್ದು ಅದೇ. ನನ್ನದಕ್ಕಿಂತ ಚೆನ್ನಾಗಿತ್ತು, ಒಪ್ಪಿಕೊಳ್ಳಲೇಬೇಕು.

ಎಲ್ಲ ಮುಗಿದ ಮೇಲೆ ಶುರುವಾಯಿತು ಜಗಳ. ಇದಕ್ಕೆ ಯಾವ ವರ್ಗಾಂಕ, ಅಂದರೆ ವಿಷಯಕ್ಕೆ ತಕ್ಕಂತೆ ಪುಸ್ತಕದ ಬೆನ್ನ ಮೇಲೆ ಹಾಕುವ ನಂಬರ್? ಒಬ್ಬರು ಗ್ರಂಥಾಲಯ ವಿಜ್ಞಾನ, 020 ಅಂದರು. ಪುಸ್ತಕ ರಿಪೇರಿಯ ಹಾಳೆ ಇದೆ, ಬೈಂಡಿಂಗ್, ರಿಪೇರಿಗೆ ಇರುವ 025.7 ಯಾಕಾಗಬಾರದು ಅಂತ ನಾನು. ಅಮೆರಿಕದ ಡ್ಯೂಯಿಯ ಈ ನಂಬರ್ ಪದ್ಧತಿ ಯಾಕೆ, ಇದಕ್ಕಾದರೂ ರಂಗನಾಥನ್ ಅವರೇ ರೂಪಿಸಿದ ಕೋಲನ್ ವರ್ಗೀಕರಣ ಪದ್ಧತಿ ಬಳಸಿ ಅಂತ ಇನ್ನೊಬ್ಬರು. ಕಾಫಿ ಆರಿತು, ಒಬ್ಬೊಬ್ಬರಾಗಿ ಬಸ್ಸಿಗೆ ಎದ್ದರು. ನನ್ನ ಪ್ರತಿ ಈಗಲೂ ಕೌಂಟರಿನ ಡ್ರಾಯರಲ್ಲಿದೆ. ಬೆನ್ನ ಮೇಲೆ ಲೇಬಲ್ ಅಂಟಿಸಿದ್ದೇನೆ, ನಂಬರ್ ಬರೆದಿಲ್ಲ.